ಬೆಕ್ಕಿಗೆ ಉಪಚಾರ ಬೇಡವಂತೆ

ನಮ್ಮನೆಗೆ ಯಾರೇ ಬರಲಿ, ಕೂರಿಸಿ ಕಾಫಿ ಕೊಟ್ಟು, ಬೇಡ ಅಂದರೂ ಎರಡು ಕೋಡುಬಳೆ ತಿನ್ನಿಸಿ, ಹೊರಡುವಾಗ ‘ಏನೂ ತಿನ್ಲೇ ಇಲ್ವಲ್ಲ’ ಎಂದು ಬೇಜಾರು ಮಾಡಿಕೊಳ್ಳುವುದು ಪದ್ಧತಿ. ಕಳೆದ ಜುಲೈನಲ್ಲಿ ಎರಡು ಬೆಕ್ಕುಗಳು ಬಂದಾಗಲೂ ನಾನು ಅದನ್ನೇ ಮಾಡಿದೆ. ಎಡವಟ್ಟಾಗಿದ್ದು ಅಲ್ಲೇ.

ಹನುಮಂತನಗರದ ನಮ್ಮ ಹಿಂದಿನ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದ ಕಡೆ, ಸಿಮೆಂಟ್ ಮೂಟೆಗಳ ಸಂದಿಯಲ್ಲಿ ಸಿಕ್ಕಿದ್ದ ಮರಿಗಳಿವು. ಬೀದಿ ಪ್ರಾಣಿಗಳಿಗೆ ಊಟ ಹಾಕುವ ಮೇಡಂ ಒಬ್ಬರು ಎತ್ತಿಕೊಂಡು ಹೋಗಿ ಸಾಕಿ, ಸ್ವಲ್ಪ ದೊಡ್ಡವಾದ ಮೇಲೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಟೊಮೆಟೊ ಕ್ರೇಟಿನಲ್ಲಿ ತಂದುಕೊಟ್ಟರು. ಕಪ್ಪಗಿರುವುದು ಕಾಫಿ, ಕಂದು ಪಟ್ಟೆಯದು ಚಿಕೋರಿ. ಹೆಸರಿಟ್ಟಿದ್ದು ನಾನು. ಅಮ್ಮ ಇವತ್ತಿಗೂ ಎರಡನ್ನೂ ‘ಏಯ್’ ಅಂತಲೇ ಕರೆಯುವುದು.

ಮೇಡಂ ಬಾಗಿಲಲ್ಲೇ ನಿಂತು ಹೇಳಿದರು: “ಒಂದೇ ರೂಮಲ್ಲಿ ಬಿಡಿ. ಮೂರು ದಿನ ಹೆದರಿಕೆ, ಮೂರು ವಾರ ಪರಿಚಯ, ಮೂರು ತಿಂಗಳಿಗೆ ಮನೆ ತಮ್ಮದು ಅನ್ನತ್ತೆ. ಅಲ್ಲೀವರೆಗೂ ನೀವಾಗಿ ಮುಟ್ಟಬೇಡಿ, ದಿಟ್ಟಿಸಿ ನೋಡಬೇಡಿ, ಹಾಲು ಹಾಕಬೇಡಿ.”

ಹಾಲಿನ ಮಾತು ಕೇಳಿ ಅಮ್ಮನಿಗೆ ಸಿಟ್ಟೇ ಬಂತು. ಬೆಳೆದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಹಾಲಿನಲ್ಲಿರುವ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ ಎಂದು ನಾನು ಬಿಡಿಸಿ ಹೇಳಿದೆ. “ತೆನಾಲಿ ರಾಮಕೃಷ್ಣ ಬಿಸಿಬಿಸಿಯಾದ್ರೂ ಕೊಟ್ಟಿದ್ದ. ನೀವು ಅದೂ ಇಲ್ಲ” ಎಂದು ಒಳಗೆ ಹೋದಳು.

ಮೂರು ದಿನ ಎಲ್ಲಿ ಕಾಯುವುದು? ಅವತ್ತು ಸಂಜೆಯೇ, ಪಾಪ, ಒಂದು ಸಲ ಮನೆ ತೋರಿಸೋಣ ಅಂತ ರೂಮಿನ ಬಾಗಿಲು ತೆಗೆದೆ. ಕಾಫಿ ಮಂಚದ ಕೆಳಗೆ ನುಗ್ಗಿತು. ಚಿಕೋರಿ ನನ್ನ ಎರಡು ಕಾಲಿನ ಮಧ್ಯದಿಂದ ಹೋಗಿದ್ದಷ್ಟೇ ಗೊತ್ತು. ಆಮೇಲೆ ಇಲ್ಲ.

ಇಲ್ಲ ಅಂದರೆ ಇಲ್ಲವೇ ಇಲ್ಲ. ಸಿಂಕಿನ ಕೆಳಗೆ, ವಾಷಿಂಗ್ ಮಷೀನ್ ಹಿಂದೆ, ಅಟ್ಟದ ಮೇಲೆ, ಕೊನೆಗೆ ಅಕ್ಕಿ ಡಬ್ಬದೊಳಗೂ ನೋಡಿದೆ. ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟಿಸಿದ್ದರಿಂದ ಬಿದ್ದಿರಲಿಕ್ಕಿಲ್ಲ. ಆದರೂ ಲುಂಗಿಯಲ್ಲೇ ಎರಡು ಮಹಡಿ ಇಳಿದು ಬೀದಿಗೆ ಹೋದೆ. “ಚಿಕೋರಿ, ಚಿಕೋರಿ” ಎಂದು ಕೂಗಿದರೆ ಮೂಲೆಯ ಕಾಫಿಪುಡಿ ಅಂಗಡಿಯವನು ತಲೆ ಹೊರಗೆ ಹಾಕಿ, “ಎಷ್ಟು ಪರ್ಸೆಂಟ್ ಸಾರ್?” ಅಂದ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ರಾತ್ರಿಯಿಡೀ ಓಡಾಡಿದ್ದು ಮಾತ್ರ ನಾನು.

ಮಾರನೆಯ ದಿನ ಸಂಜೆ ಸ್ಟೋರ್ ರೂಮಿನಲ್ಲಿ ಟಾರ್ಚ್ ಹಾಕಿದೆ. ದಸರಾ ಗೊಂಬೆಗಳ ರಟ್ಟಿನ ಪೆಟ್ಟಿಗೆ ಅರ್ಧ ತೆರೆದಿತ್ತು. ಹಳೇ ಪಂಚೆ ಸುತ್ತಿದ್ದ ಪಟ್ಟದ ಗೊಂಬೆಗಳು, ಪಕ್ಕದಲ್ಲಿ ಹೊಟ್ಟೆ ಬಿಟ್ಟುಕೊಂಡ ಶೆಟ್ಟರು, ಶೆಟ್ಟಮ್ಮ. ಎಲ್ಲರ ಕಣ್ಣೂ ಬಣ್ಣದವು. ಶೆಟ್ಟಮ್ಮನ ಹಿಂದೆ ಮಾತ್ರ ಎರಡು ಕಣ್ಣು ಹಸಿರಾಗಿ ಹೊಳೆದವು. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡೂ ಕೈ ಹಾಕಿ ಎತ್ತಿಕೊಳ್ಳಲು ಹೋದೆ. ಮುಂಗೈ ಮೇಲೆ ನಾಲ್ಕು ಗೀರು, ಶೆಟ್ಟರ ಮೂಗು ಢಮಾರ್. ಗೀರಿಗೆ ಸೋಪು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಓಡಿದೆ. ಶೆಟ್ಟರ ಮೂಗಿಗೆ ಎಂಸೀಲ್ ಹಾಕಿದೆ.

ಇನ್ನು ಬೆಕ್ಕು ಕಕ್ಕಸು ಮಾಡುವ ಟ್ರೇ ವಿಷಯ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಬೇಕಂತೆ. ಮೂರು ಟ್ರೇ, ಅದರಲ್ಲಿ ಹರಡಲು ಲಿಟರ್ ಅನ್ನುವ ಮಣ್ಣಿನಂಥ ಪುಡಿ ಹತ್ತು ಕೆಜಿ ತಂದೆ. “ದುಡ್ಡು ಕೊಟ್ಟು ಮಣ್ಣು ತಂದ್ಯಾ?” ಎಂದಳು ಅಮ್ಮ. ನಮ್ಮನೆಯವಳು “ತಂದಿದ್ದು ನೀವು, ಬಳಿಯೋದೂ ನೀವೇ” ಎಂದು ಆಫೀಸಿಗೆ ಹೋದಳು. ಬಳಿಯುವ ಕೆಲಸವೇನೂ ಬರಲಿಲ್ಲ. ಮೂರೂ ಟ್ರೇ ಎರಡು ದಿನ ಹಾಗೇ ಲಕಲಕ ಅನ್ನುತ್ತಿದ್ದವು.

ಮೂರನೇ ದಿನ ಯುಟಿಲಿಟಿ ಕಡೆಯಿಂದ ಅಮ್ಮನ ಕೂಗು ಕೇಳಿತು. ಶ್ರಾವಣಕ್ಕೆಂದು ಗಾಡಿಯವನ ಹತ್ತಿರ ಕೊಂಡು, ಅಗಲ ಬೇಸಿನ್ನಿಗೆ ಸುರಿದಿಟ್ಟಿದ್ದ ರಂಗೋಲಿ ಪುಡಿ. ನುಣ್ಣಗೆ, ಬೆಳ್ಳಗೆ, ಒಣಗಿದ್ದು. ಕಾಫಿ ಅದರಲ್ಲಿ ಗುಂಡಿ ತೋಡಿ, ಕೆಲಸ ಮುಗಿಸಿ, ಒಪ್ಪವಾಗಿ ಮುಚ್ಚಿ, ಮೇಲೆ ಪಂಜದಲ್ಲಿ ಒಂದು ಡಿಸೈನ್ ಕೂಡ ಬಿಟ್ಟಿತ್ತು. ತಪ್ಪು ಅದರದ್ದು ಅಂತ ನನಗೆ ಅನ್ನಿಸಲಿಲ್ಲ. ಮರಳು, ಮಣ್ಣಲ್ಲಿ ಹುಟ್ಟಿದ್ದಕ್ಕೆ ಲ್ಯಾವೆಂಡರ್ ವಾಸನೆ ಬರುವ ಲಿಟರ್ ಕೊಟ್ಟರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಮೇಡಂ ಹೇಳಿದಂತೆ ವಾಸನೆಯಿಲ್ಲದ್ದು ತಂದು ಮೇಲೆ ಎರಡು ಹಿಡಿ ಕುಂಡದ ಮಣ್ಣು ಉದುರಿಸಿದೆ. ಅವತ್ತೇ ದಾರಿಗೆ ಬಂತು. “ಕೊನೆಗೂ ಮಣ್ಣೇ ಬೇಕಾಯ್ತಲ್ಲ” ಎಂದಳು ಅಮ್ಮ.

ಅಮ್ಮನದು ಬೇರೆಯೇ ಕಷ್ಟ. ಹೊರಡುವಾಗ ಬೆಕ್ಕು ಅಡ್ಡ ಬಂದರೆ ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದೇ ಹೊರಡಬೇಕು. ಎಪ್ಪತ್ತು ವರ್ಷ ಪಾಲಿಸಿದ ಕಾನೂನು. ಬೀದಿಯಲ್ಲಿ ತಿಂಗಳಿಗೊಂದು ಬೆಕ್ಕು ಸಿಗುತ್ತಿದ್ದಾಗ ಸರಿ. ಷಷ್ಠಿಯ ದಿನ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೊರಟವಳು, ನಡುಮನೆ ದಾಟುವಷ್ಟರಲ್ಲಿ ನಾಲ್ಕು ಲೋಟ ಕುಡಿದಳು. ಆಮೇಲೆ ಬಾತ್ರೂಮಿಗೆ ಹೋಗಬೇಕಾಯಿತು. ಗುಡ್ಡ ಹತ್ತುವ ಹೊತ್ತಿಗೆ ಮಂಗಳಾರತಿ ಮುಗಿದಿತ್ತು. ರಾತ್ರಿ ಚಿಕ್ಕಮ್ಮನಿಗೆ ಫೋನಿನಲ್ಲಿ ತಿದ್ದುಪಡಿ ಹೊರಟಿತು: “ಅದೆಲ್ಲ ಬೀದಿ ಬೆಕ್ಕಿಗೆ ಕಣೇ. ಮನೇವಕ್ಕೆ ಲೆಕ್ಕ ಇಲ್ಲ.”

ನನಗೆ ಹೊಟ್ಟೆ ಉರಿದಿದ್ದು ಮೂರನೇ ವಾರ. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಅಮ್ಮ ಮಧ್ಯಾಹ್ನ ಕುರ್ಚಿಯಲ್ಲಿ ಜಪಮಣಿ ಹಿಡಿದು ಕೂರುತ್ತಾಳೆ. ನಾಲ್ಕು ಮಣಿ ಉರುಳಿದರೆ ರೆಪ್ಪೆ ಮೆಲ್ಲಗೆ ಇಳಿಯುತ್ತದೆ. ಮತ್ತೆ ಅರ್ಧ ತೆರೆಯುತ್ತದೆ, ಮತ್ತೆ ಇಳಿಯುತ್ತದೆ. ಅವತ್ತು ನೋಡಿದರೆ ಚಿಕೋರಿ ಅವಳ ತೊಡೆಯ ಮೇಲಿತ್ತು! ನಾನು ಮೀನಿನ ವಾಸನೆಯ ತಿಂಡಿ ಹಿಡಿದು, ನೆಲದ ಮೇಲೆ ಬೋರಲು ಮಲಗಿ, ಟಾರ್ಚ್ ಬಿಟ್ಟು ಮಾತಾಡಿಸಿದ ಚಿಕೋರಿ.

ಕಾರಣ ಹುಡುಕಿದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿ ಹೇಳಿದ್ದಾರೆ: ನಾವು ಕಣ್ಣು ಕಿರಿದು ಮಾಡಿ ನಿಧಾನಕ್ಕೆ ಮಿಟುಕಿಸಿದರೆ ಬೆಕ್ಕೂ ಹಾಗೇ ಮಿಟುಕಿಸುತ್ತದೆ, ಅಪರಿಚಿತರಾದರೂ ಹತ್ತಿರ ಬರುವುದು ಜಾಸ್ತಿ. ಅಂದರೆ ಅಮ್ಮ ತೂಕಡಿಸುತ್ತಲೇ ಸ್ನೇಹ ಸಂಪಾದಿಸಿದ್ದಳು. ನಾನು ಕಣ್ಣರಳಿಸಿ ಹೆದರಿಸುತ್ತಿದ್ದೆ.

ಸರಿ, ಮಾರನೇ ದಿನ ಕಾಫಿಯ ಎದುರು ಕೂತೆ. ರೆಪ್ಪೆ ಇಳಿಸಿದೆ, ತೆರೆದೆ, ಮತ್ತೆ ಇಳಿಸಿದೆ. ಹತ್ತು ನಿಮಿಷ. ಕಾಫಿ ನನ್ನನ್ನೇ ನೋಡಿತು, ಆಕಳಿಸಿತು, ತಿರುಗಿ ಬೆನ್ನು ನೆಕ್ಕಿಕೊಳ್ಳತೊಡಗಿತು.

ಹಿಂದಿನಿಂದ ಅಮ್ಮ ಕೇಳಿದಳು, “ಕಣ್ಣಿಗೆ ಏನಾಯ್ತೋ? ನನ್ನ ಡ್ರಾಪ್ಸ್ ಇನ್ನೂ ಇದೆ, ಹಾಕ್ಲಾ?”