ಪಾಲಿಶ್ ಎಂದರೆ ರಕ್ಷಣೆಯಲ್ಲ
ಹೊಳಪು ಉಳಿಯಬೇಕಾದರೆ ತಿಂಗಳಿಗೊಮ್ಮೆ ಮನೆಯಲ್ಲೇ ಕಾರಿಗೆ ಪಾಲಿಶ್ ಹಾಕಬೇಕೆಂದು ಕಾರಿನ ಆರೈಕೆ ಕುರಿತ ಲೇಖನವೊಂದು ಕೊಟ್ಟ ಸಲಹೆಯನ್ನು ಒಪ್ಪಲಾಗದು. ಪಾಲಿಶ್‌ನಲ್ಲಿರುವ ಸೂಕ್ಷ್ಮ ಉಜ್ಜುಕಣಗಳು, ಸಾಮಾನ್ಯವಾಗಿ 40–50 ಮೈಕ್ರಾನ್‌ನಷ್ಟೇ ದಪ್ಪವಿರುವ ಕ್ಲಿಯರ್ ಕೋಟನ್ನೇ (ಬಣ್ಣದ ಮೇಲಿನ ಪಾರದರ್ಶಕ ಪದರ) ಚೂರುಚೂರೇ ಸವೆಸಿ ಗೀರುಗಳನ್ನು ಮಾಯ ಮಾಡುತ್ತವೆ. ಹಾಗೆ ಸವೆದ ಪದರ ಮತ್ತೆ ಬಣ್ಣ ಹೊಡೆಸದ ಹೊರತು ಮರಳುವುದಿಲ್ಲ. ಆಗಾಗ ಹಾಕಬಹುದಾದದ್ದು, ಸವೆಸದೆ ಮೇಲೊಂದು ರಕ್ಷಣಾ ಲೇಪ ಕೂರಿಸುವ ವ್ಯಾಕ್ಸ್ ಅಥವಾ ಸೀಲಂಟ್ ಮಾತ್ರ.

ಲೇಖಕರು ನೀರಿನ ವಿಷಯವನ್ನೇ ಎತ್ತಿಲ್ಲ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರಿನಲ್ಲಿ, ಅದೂ ಬಿಸಿಲಿಗೆ ನಿಲ್ಲಿಸಿ, ಕಾರು ತೊಳೆದು ಒರೆಸದೆ ಬಿಟ್ಟರೆ ಬಾನೆಟ್ ಮೇಲೆ ಬಿಳಿ ಉಂಗುರಗಳು ಕೂರುತ್ತವೆ. ಅವನ್ನು ಒಣ ಬಟ್ಟೆಯಿಂದ (ಹಳೆಯ ಬನಿಯನ್ ಆದರಂತೂ ಮುಗಿಯಿತು) ತಿಕ್ಕಿದರೆ ಹೊಸ ಗೀರು ಖಚಿತ. ಕಲೆ ಹಸಿಯಿದ್ದಾಗಲೇ ನೀರು ಬೆರೆಸಿದ ಬಿಳಿ ವಿನೆಗರ್ ಸವರಿ, ಕೂಡಲೇ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಪಾಲಿಶ್ ಡಬ್ಬಿಯನ್ನು ತೆರೆಯುವ ಪ್ರಮೇಯವೇ ಬರುವುದಿಲ್ಲ.