ತಲೆ ಯಾವಾಗ ಬೀಳುತ್ತೆ ಸ್ವಾಮಿ?

2015ರ ಜನವರಿ 21ರ ರಾತ್ರಿ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಜನ ರಿಮೋಟ್ ಹುಡುಕಿ ಟಿವಿಯ ಬ್ರೈಟ್‌ನೆಸ್ ಜಾಸ್ತಿ ಮಾಡಿದರು. ಸಾಲಲಿಲ್ಲ. ಕೋಣೆಯ ದೀಪ ಆರಿಸಿದರು. ಆಗಲೂ ಸಾಲಲಿಲ್ಲ. ಕೊನೆಗೆ ಕನ್ನಡಕ ಒರೆಸಿಕೊಂಡು ನೋಡಿದರೆ, ಕತ್ತಲೆಯೊಳಗೆ ಯಾರೋ ಕಪ್ಪು ನಿಲುವಂಗಿ ತೊಟ್ಟು ನಿಂತಿದ್ದಾನೆ. ಸುಮ್ನೆ ನಿಂತಿದ್ದಾನೆ. ಏನೂ ಮಾಡುತ್ತಿಲ್ಲ.

ಬಿಬಿಸಿ ಟೂನಲ್ಲಿ ‘ವುಲ್ಫ್ ಹಾಲ್’ ಶುರುವಾಗಿತ್ತು.

ಬೂಕರ್ ಗೆದ್ದ ಹಿಲರಿ ಮ್ಯಾಂಟೆಲ್ ಅವರ ಎರಡು ದಪ್ಪ ಕಾದಂಬರಿಗಳನ್ನು ಆರು ಕಂತಿಗೆ ಇಳಿಸಿದ ಧಾರಾವಾಹಿ ಅದು. ಎಂಟನೇ ಹೆನ್ರಿಯ ಅರಮನೆ, ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್, ರಾಜನ ಎರಡನೇ ಹೆಂಡತಿ ಆನ್ ಬೊಲಿನ್. ನಿರ್ದೇಶಕ ಪೀಟರ್ ಕೊಸ್ಮಿನ್‌ಸ್ಕಿ ರಾತ್ರಿಯ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ತೆಗೆದಿದ್ದರು. 1530ರ ಸುಮಾರಿಗೆ ಟ್ಯೂಬ್‌ಲೈಟ್ ಇರಲಿಲ್ಲ ಅನ್ನುವ ಕ್ಷುಲ್ಲಕ ಕಾರಣಕ್ಕೆ. ನೋಡುವವರು ಒಪ್ಪಲಿಲ್ಲ. ವರ್ಷಕ್ಕೆ 145.50 ಪೌಂಡ್ ಟಿವಿ ಲೈಸೆನ್ಸ್ ಶುಲ್ಕ ಕಟ್ಟುವವರು ನಾವು, ರಾಜನ ಮುಖವನ್ನಾದರೂ ತೋರಿಸಿ ಅಂತ ಕೂಗು ಎದ್ದಿತು.

ಕತ್ತಲೆಗಿಂತ ದೊಡ್ಡ ದೂರು ನಿಧಾನದ್ದು. ಮೊದಲ ಕಂತನ್ನು ಆ ರಾತ್ರಿ ನೋಡಿದವರು ಸುಮಾರು 39 ಲಕ್ಷ ಮಂದಿ. ಮುಂದಿನ ವಾರಕ್ಕೆ ಅವರಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನ ನಾಪತ್ತೆ. ಹೆನ್ರಿಯ ಅರಮನೆಯಲ್ಲೂ ಈ ವಾರ ಇದ್ದವರು ಮುಂದಿನ ವಾರ ಕಾಣದೆ ಹೋಗುವುದು ಮಾಮೂಲಿಯಾಗಿತ್ತು. ಆದರೆ ಅವರು ಬೇಜಾರಾಗಿ ಎದ್ದು ಹೋದವರಲ್ಲ ಪಾಪ.

ಜನರ ಸಿಟ್ಟೆಲ್ಲ ಮಾರ್ಕ್ ರೈಲನ್ಸ್ ಎಂಬ ನಟನ ಮೇಲೆ. ಕ್ರಾಮ್‌ವೆಲ್ ಆಗಿದ್ದವರು ಅವರೇ. ಈ ಮನುಷ್ಯ ಬಾಗಿಲ ಪಕ್ಕ ನಿಲ್ಲುತ್ತಾರೆ. ನೋಡುತ್ತಾರೆ. ಯಾರೋ ಏನೋ ಅಂತಾರೆ. ಇವರು ಇನ್ನೊಮ್ಮೆ ನೋಡುತ್ತಾರೆ. ಸೋಫಾದ ಮೇಲೆ ಕೂತವರು ಚಹಾ ಮಾಡಿಕೊಂಡು, ಬಿಸ್ಕತ್ತಿನ ಡಬ್ಬಿ ಹುಡುಕಿ ವಾಪಸ್ ಬಂದರೆ ಒಂದು ಹುಬ್ಬು ಮೇಲೆ ಹೋಗಿರುತ್ತದೆ. ‘ಇವನಿಗೆ ಬಾಯಿಲ್ವಾ?’ ಅಂತ ಕೇಳುತ್ತಾರೆ. ಇದೆ. ಇರುವುದಕ್ಕೇ ಬಾಯಿ ಬಿಡುತ್ತಿಲ್ಲ. ಪಟ್ನಿಯ ಕಮ್ಮಾರನ ಮಗ ಹುಟ್ಟಾ ಡ್ಯೂಕ್‌ಗಳ ನಡುವೆ ನಿಂತಿದ್ದಾನೆ. ಒಂದು ಮಾತು ಹೆಚ್ಚು ಆಡಿದರೆ ಬಾಯಿಯ ಜೊತೆಗೆ ಅದರ ಸುತ್ತಲಿನದೂ ಹೋಗುತ್ತದೆ. ಅಲ್ಲಿ ಪಟಪಟ ಮಾತಾಡುತ್ತಿದ್ದವರ ಪಟ್ಟಿ ಮಾಡಿ, ಅವರಲ್ಲಿ ಎಷ್ಟು ಜನ ಹಾಸಿಗೆಯಲ್ಲಿ ಸತ್ತರು ಅಂತ ಲೆಕ್ಕ ಹಾಕಿದರೆ ಈ ಹುಬ್ಬಿನ ಬೆಲೆ ಗೊತ್ತಾಗುತ್ತದೆ.

ನಮಗೆ ಈ ದೂರು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ ಅಲ್ವಾ? ನಮ್ಮ ಸೀರಿಯಲ್‌ನಲ್ಲಿ ಅತ್ತೆಯ ಕೈಯಿಂದ ಸೋಮವಾರ ಜಾರಿದ ಕುಂಕುಮದ ಬಟ್ಟಲು ನೆಲ ಮುಟ್ಟುವುದು ಶುಕ್ರವಾರ. ಅದನ್ನು ಯಾರೂ ನಿಧಾನ ಅನ್ನುವುದಿಲ್ಲ. ಯಾಕೆಂದರೆ ಆ ಐದು ದಿನವೂ ಮನೆಮಂದಿಯ ಮುಖಮುಖಕ್ಕೂ ಢಂ ಢಂ ಅಂತ ಸದ್ದು ಇರುತ್ತದೆ. ನಿಧಾನ ಯಾರಿಗೂ ತೊಂದರೆ ಕೊಡುವುದಿಲ್ಲ, ಸದ್ದಿಲ್ಲದ ನಿಧಾನ ಮಾತ್ರ ಮೈ ಪರಚುತ್ತದೆ. ರೈಲನ್ಸ್ ಹುಬ್ಬು ಏರಿಸಿದಾಗ ಒಂದು ಗುಡುಗು ಹಾಕಿದ್ದರೆ ಆ 10 ಲಕ್ಷ ಜನ ಎಲ್ಲಿಗೂ ಹೋಗುತ್ತಿರಲಿಲ್ಲ.

ತಮಾಷೆ ಏನೆಂದರೆ ಧಾರಾವಾಹಿ ಓಡುತ್ತಿತ್ತು. ಕುಂಟುತ್ತಿದ್ದದ್ದು ಇತಿಹಾಸ. 1527ರ ಹೊತ್ತಿಗೆ ಹೆನ್ರಿಗೆ ಜ್ಞಾನೋದಯವಾಯಿತು: ಕ್ಯಾಥರೀನ್ ಜೊತೆಗಿನ ತನ್ನ ಮದುವೆ ಶಾಸ್ತ್ರಕ್ಕೆ ವಿರುದ್ಧ. ಮದುವೆಯಾಗಿ ಹದಿನೆಂಟು ವರ್ಷ ಕಳೆದ ಮೇಲೆ. ಬಿಡುಗಡೆ ಕೊಡಬೇಕಾದವರು ಪೋಪ್. ಆದರೆ ಅದೇ ವರ್ಷ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮ್ ನಗರವನ್ನು ಕೊಳ್ಳೆ ಹೊಡೆದಿತ್ತು. ಈ ಚಾರ್ಲ್ಸ್ ಯಾರು? ಕ್ಯಾಥರೀನ್‌ಳ ಅಕ್ಕನ ಮಗ. ಚಿಕ್ಕಮ್ಮನ ಸಂಸಾರ ಮುರಿಯುವ ಕಾಗದಕ್ಕೆ ಸಹಿ ಹಾಕುವ ಧೈರ್ಯ ಪೋಪ್‌ಗೆ ಬರಲಿಲ್ಲ. ಇಲ್ಲ ಅನ್ನುವ ಧೈರ್ಯವೂ ಬರಲಿಲ್ಲ. ಇಂಥ ಹೊತ್ತಿನಲ್ಲಿ ಯಾವ ಸರ್ಕಾರವಾದರೂ ಮಾಡುವುದನ್ನೇ ಅವರೂ ಮಾಡಿದರು. ಒಬ್ಬ ಹಿರಿಯ ಅಧಿಕಾರಿಯನ್ನು ನೇಮಿಸಿದರು.

ಆ ಅಧಿಕಾರಿ ಕಾರ್ಡಿನಲ್ ಕಾಂಪೆಜಿಯೊ. ಅವರಿಗೆ ಗೌಟ್. ಕಾಲು ಊರಲಾರದಷ್ಟು ನೋವು. 1528ರ ಬೇಸಿಗೆಯಲ್ಲಿ ಹೊರಟವರು ನಿಂತು, ನರಳಿ, ಮತ್ತೆ ಹೊರಟು ಲಂಡನ್ ಮುಟ್ಟುವಾಗ ಅಕ್ಟೋಬರ್. ವಿಚಾರಣೆ ಶುರುವಾಗಲು ಮತ್ತೊಂದು ಬೇಸಿಗೆ ಬರಬೇಕಾಯಿತು. 1529ರ ಜುಲೈನಲ್ಲಿ, ಇನ್ನೇನು ತೀರ್ಪು ಬಂತು ಅನ್ನುವಾಗ, ಅಕ್ಟೋಬರ್‌ಗೆ ಮುಂದೂಡಿದರು. ಕಾರಣ: ರೋಮ್‌ನಲ್ಲಿ ಕೋರ್ಟಿಗೆ ರಜೆ, ಆದ್ದರಿಂದ ಇಲ್ಲಿಯೂ ರಜೆ. ಆ ಕೋರ್ಟು ಮತ್ತೆ ಕೂರಲೇ ಇಲ್ಲ. ಮೊದಲ ಮದುವೆ ಅಸಿಂಧು ಅಂತ ಕಡೆಗೆ ಘೋಷಣೆಯಾದದ್ದು 1533ರಲ್ಲಿ. ಅದಕ್ಕೂ ರಾಜ ಪೋಪನ್ನೇ ಬಿಟ್ಟು ತನ್ನದೇ ಆರ್ಚ್‌ಬಿಷಪ್‌ನನ್ನು ಕೂರಿಸಿಕೊಳ್ಳಬೇಕಾಯಿತು. ಇಷ್ಟನ್ನು ಕೊಸ್ಮಿನ್‌ಸ್ಕಿ ಕೆಲವೇ ಗಂಟೆಯಲ್ಲಿ ಮುಗಿಸಿದ್ದಾರೆ. ಅವರ ಮೇಲೆ ಅತಿವೇಗದ ಕೇಸು ಹಾಕಬೇಕಿತ್ತು.

ಮೂರನೇ ದೂರು, ಯಾರು ಯಾರು ಅಂತ ತಿಳಿಯುವುದಿಲ್ಲ ಅನ್ನುವುದು. ಇದು ನ್ಯಾಯವಾದದ್ದು. ಕ್ರಾಮ್‌ವೆಲ್ ಥಾಮಸ್. ಅವನ ಒಡೆಯ ಕಾರ್ಡಿನಲ್ ವೂಲ್ಸಿ ಥಾಮಸ್. ಅವನ ಎದುರಾಳಿ ಮೋರ್ ಥಾಮಸ್. ಆರ್ಚ್‌ಬಿಷಪ್ ಕ್ರಾನ್ಮರ್ ಥಾಮಸ್. ಆನ್‌ಳ ಅಪ್ಪ ಥಾಮಸ್, ಸೋದರಮಾವ ನಾರ್ಫಕ್‌ನ ಡ್ಯೂಕ್ ಥಾಮಸ್, ಆಕೆಯ ಹಿಂದೆ ಕವಿತೆ ಬರೆದುಕೊಂಡು ಸುತ್ತಿದ ವ್ಯಾಟ್ ಕೂಡ ಥಾಮಸ್. ‘ಥಾಮಸ್‌ನ ತಲೆ ಹೋಯ್ತು’ ಅಂದರೆ ಯಾವನದು ಅಂತ ಕೇಳಲೇಬೇಕು. ರಾಣಿಯರ ಕಡೆಯಿಂದಲೂ ಸಹಾಯ ಇಲ್ಲ. ಹೆನ್ರಿಯ ಆರು ಹೆಂಡಿರಲ್ಲಿ ಮೂವರು ಕ್ಯಾಥರೀನ್, ಇಬ್ಬರು ಆನ್. ಜೇನ್ ಒಬ್ಬಳೇ ಇದ್ದದ್ದು, ಅವಳು ಹೆರಿಗೆಯಾಗಿ ಹನ್ನೆರಡನೇ ದಿನಕ್ಕೆ ತೀರಿಕೊಂಡಳು. ಈ ಗೊಂದಲಕ್ಕೆ ಬಿಬಿಸಿಯನ್ನು ಬೈದು ಪ್ರಯೋಜನ ಇಲ್ಲ. ಆ ಕಾಲದ ತಾಯಂದಿರನ್ನು ಕೇಳಬೇಕು.

ಇನ್ನು ವಿದ್ವಾಂಸರು. ಅವರಿಗೆ ಕತ್ತಲೆಯಲ್ಲೂ ಕಾಣಬೇಕಾದ್ದೇ ಕಂಡಿತು. ಆ ಕಾಲದ ಗಂಡಸರು ಇಜಾರದ ಮುಂದೆ, ಎರಡು ಕಾಲು ಸೇರುವ ಕಡೆ, ಕಾಡ್‌ಪೀಸ್ ಎಂಬ ಒಂದು ಮೆತ್ತೆ ತುಂಬಿದ ಉಬ್ಬು ಕಟ್ಟಿಕೊಳ್ಳುತ್ತಿದ್ದರು. ಧಾರಾವಾಹಿಯಲ್ಲಿ ಆ ಉಬ್ಬು ತೀರಾ ಚಿಕ್ಕದಾಯಿತು ಅಂತ ಆಕ್ಷೇಪ ಬಂತು. ಅಮೆರಿಕದ ವೀಕ್ಷಕರಿಗೆ ಮುಜುಗರವಾದೀತು ಅಂತ ಕುಗ್ಗಿಸಿದರಂತೆ ಅಂತಲೂ ಸುದ್ದಿ ಹಬ್ಬಿತು. ಲಂಡನ್ ಟವರ್‌ನಲ್ಲಿ ಹೆನ್ರಿಯ ಕಬ್ಬಿಣದ ಕವಚ ಇದೆ, ಅನುಮಾನ ಇದ್ದವರು ಹೋಗಿ ನೋಡಬಹುದು. ಎದೆಯನ್ನು ಎಷ್ಟು ಕಾಳಜಿಯಿಂದ ಮುಚ್ಚಿದ್ದಾರೋ ಅದಕ್ಕಿಂತ ಹೆಚ್ಚು ಕಾಳಜಿ ಕೆಳಗೆ ಕಾಣುತ್ತದೆ. ರಾಜ್ಯದಲ್ಲಿ ಧರ್ಮ ಬದಲಾಯಿತು, ಮಠಗಳನ್ನು ಮುಚ್ಚಿದರು, ಸಾವಿರಾರು ಸನ್ಯಾಸಿಗಳು ಬೀದಿಗೆ ಬಂದರು. ಪತ್ರಿಕೆಗಳಲ್ಲಿ ಚರ್ಚೆ ಮಾತ್ರ ಈ ಒಂದು ಗೇಣಿನ ಬಗ್ಗೆ.

ಕ್ಯಾಥೊಲಿಕ್ ಬಿಷಪ್‌ಗಳು ಬೇರೆ ಕಾರಣಕ್ಕೆ ನೊಂದುಕೊಂಡರು. ಥಾಮಸ್ ಮೋರ್‌ನನ್ನು ಒಣ ಹಟದ, ಕ್ರೂರ ಮನುಷ್ಯನಂತೆ ತೋರಿಸಿದ್ದೀರಿ, ಅವರು ನಮ್ಮ ಸಂತರು ಅಂತ. ನಿಜ, 1935ರಲ್ಲಿ ಸಂತ ಪದವಿ ಸಿಕ್ಕಿದೆ. 2000ದಲ್ಲಿ ಪೋಪ್ ಅವರನ್ನು ರಾಜಕಾರಣಿಗಳ ಕಾವಲು ಸಂತ ಅಂತಲೂ ಸಾರಿದರು. ಸತ್ತು 465 ವರ್ಷ ಆದ ಮೇಲೆ ಇಂಥ ಕೆಲಸ ವಹಿಸಿದರೆ ಯಾರ ಮುಖವಾದರೂ ಗಂಟಿಕ್ಕಿಕೊಳ್ಳುವುದಿಲ್ಲವೇ?

ಬೈದವರ ಕಥೆ ಇದಾದರೆ, ಹೊಗಳಿದವರದು ಇದಕ್ಕಿಂತ ಸೊಗಸು. ವಿಮರ್ಶಕರು ಮೆಚ್ಚಿದ್ದಾರೆ ಅಂತ ಗೊತ್ತಾದದ್ದೇ ತಡ, ಒಂದು ಗುಂಪಿಗೆ ಆಕಳಿಸುವುದೂ ಅಪರಾಧ ಅನ್ನಿಸತೊಡಗಿತು. ‘ನಿಧಾನ ಅಲ್ಲ ರೀ, ಗಂಭೀರ.’ ‘ಕತ್ತಲೆ ಅಲ್ಲ, ಹೋಲ್ಬೈನ್‌ನ ಚಿತ್ರದ ಬಣ್ಣ.’ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡನನ್ನು ಮೊಣಕೈಯಿಂದ ತಿವಿದು ಎಬ್ಬಿಸಿ, ‘ಆ ಮೌನ ನೋಡಿದ್ರಾ?’ ಅನ್ನುವುದು. ಆತನೂ ಕಣ್ಣು ಬಿಡದೆಯೇ ‘ಅದ್ಭುತ’ ಅನ್ನುವುದು. ಹೆನ್ರಿಯ ಆಸ್ಥಾನದಲ್ಲಿ ಗ್ರೂಮ್ ಆಫ್ ದ ಸ್ಟೂಲ್ ಅಂತ ಒಂದು ಹುದ್ದೆ ಇತ್ತು. ರಾಜ ಶೌಚಕ್ಕೆ ಕೂತಾಗ ಜೊತೆಗಿದ್ದು ಸೇವೆ ಮಾಡುವ ಕೆಲಸ. ನಗಬೇಡಿ, ಅದಕ್ಕೆ ದೊಡ್ಡ ಮನೆತನದವರೇ ಹಾತೊರೆಯುತ್ತಿದ್ದರು. ರಾಜನ ಹತ್ತಿರ ಇರಬಹುದಲ್ಲ. ಹೆನ್ರಿ ನಾರಿಸ್ ಎಂಬವನು ಆ ಪೀಠದ ಪಕ್ಕ ಸುಮಾರು ಹತ್ತು ವರ್ಷ ಭಕ್ತಿಯಿಂದ ನಿಂತಿದ್ದ. 1536ರಲ್ಲಿ, ರಾಣಿಯ ಜೊತೆ ಸಂಬಂಧ ಅಂತ ಆರೋಪ ಹೊರಿಸಿ ಅವನ ತಲೆಯನ್ನೂ ತೆಗೆದರು. ಮೂಗು ಮುಚ್ಚಿಕೊಳ್ಳದೆ ಮೆಚ್ಚುವವರಿಗೆ ಸಿಗುವ ಬಹುಮಾನ ಇಷ್ಟೇ. ಧಾರಾವಾಹಿಗೇನೋ ಬಾಫ್ಟಾ ಬಂತು, ಗೋಲ್ಡನ್ ಗ್ಲೋಬ್ ಬಂತು.

ಟ್ಯೂಡರ್ ಅಂದರೆ ಹೆನ್ರಿಯ ವಂಶ. ಬೇಗ ಬೇಗ ಸಾಗುವ ಟ್ಯೂಡರ್ ಕಥೆ ಬೇಕೆನ್ನುವವರಿಗೆ ಅದೂ ಸಿಕ್ಕಿತ್ತು. 2007ರಿಂದ 2010ರವರೆಗೆ ‘ದ ಟ್ಯೂಡರ್ಸ್’ ಬಂತಲ್ಲ. ಅಲ್ಲಿ ಹೆನ್ರಿ ಕೊನೆಯವರೆಗೂ ಜಿಮ್‌ನಿಂದ ಈಗತಾನೇ ಬಂದವನ ಹಾಗೆ ಇದ್ದ. ಅಸಲಿ ರಾಜ ಆ ಹೊತ್ತಿಗೆ ತನ್ನ ಕುದುರೆಗೂ ಭಾರವಾಗಿದ್ದ. ಹೆನ್ರಿಗೆ ಮಾರ್ಗರೆಟ್, ಮೇರಿ ಅಂತ ಇಬ್ಬರು ಅಕ್ಕ-ತಂಗಿ ಇದ್ದರು. ಸಮಯ ಉಳಿಸಲು ಇಬ್ಬರನ್ನೂ ಸೇರಿಸಿ ಒಬ್ಬಳನ್ನೇ ಮಾಡಿದರು. ಅವಳನ್ನು ಪೋರ್ಚುಗಲ್‌ನ ಮುದಿ ರಾಜನಿಗೆ ಕೊಟ್ಟು, ಅವಳ ಕೈಯಲ್ಲೇ ಅವನ ಮುಖಕ್ಕೆ ದಿಂಬು ಒತ್ತಿಸಿ ಸಾಯಿಸಿದರು. ಮೇರಿಯ ನಿಜವಾದ ಗಂಡ ಫ್ರಾನ್ಸ್‌ನ ರಾಜ, ಅವನು ಯಾರ ಸಹಾಯವೂ ಇಲ್ಲದೆ ತಾನಾಗಿಯೇ ಸತ್ತಿದ್ದ. ಇದಕ್ಕೆ ಕತ್ತಲೆ ಅಂತ ಯಾರೂ ದೂರಲಿಲ್ಲ. ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ಹಾಸಿಗೆಯ ಮೇಲಿನದಂತೂ ತುಂಬಾ ಚೆನ್ನಾಗಿ.

‘ವುಲ್ಫ್ ಹಾಲ್’ನ ಮುಂದಿನ ಭಾಗ ಬಂದದ್ದು 2024ರ ನವೆಂಬರ್‌ನಲ್ಲಿ. ಹಣ ಸಾಲದೆ ನಿರ್ದೇಶಕರೂ ರೈಲನ್ಸ್ ಅವರೂ ತಮ್ಮ ಸಂಭಾವನೆಯಲ್ಲಿ ದೊಡ್ಡ ಪಾಲು ಬಿಟ್ಟುಕೊಟ್ಟ ಮೇಲೆ. ಇಷ್ಟರಲ್ಲಿ ಲೇಖಕಿಯೂ ತೀರಿಕೊಂಡಿದ್ದರು, ನಾರ್ಫಕ್ ಡ್ಯೂಕ್ ಆಗಿದ್ದ ಬರ್ನಾರ್ಡ್ ಹಿಲ್ ಕೂಡ. ಈಗ ಜನರ ಹೊಸ ಪ್ರಶ್ನೆ: ‘ಒಂಬತ್ತು ವರ್ಷ ಯಾಕೆ ತಗೊಂಡ್ರಿ?’ ಎರಡನೇ ವಾರಕ್ಕೇ ಎದ್ದು ಹೋಗಿದ್ದವರೂ ಇದನ್ನು ಕೇಳುತ್ತಿದ್ದರು. ತಪ್ಪಿಲ್ಲ, ರಾಜನಿಂದ ಬಂದ ರೂಢಿ. 1540ರ ಜುಲೈ 28ರಂದು ಹೆನ್ರಿ ಒಂದು ಕಡೆ ಕ್ರಾಮ್‌ವೆಲ್‌ನ ತಲೆ ತೆಗೆಸಿ, ಅದೇ ದಿನ ಐದನೇ ಮದುವೆ ಮಾಡಿಕೊಂಡ. ವರ್ಷ ತುಂಬುವುದರೊಳಗೆ, ಅಂಥ ನಂಬಿಗಸ್ತ ಸೇವಕ ನನಗೆ ಇನ್ನೊಬ್ಬ ಸಿಗಲಿಲ್ಲ ಅಂತ ಹಲುಬುತ್ತಿದ್ದನಂತೆ. ಫ್ರಾನ್ಸ್‌ನ ರಾಯಭಾರಿ ಹಾಗಂತ ಬರೆದಿದ್ದಾನೆ.

ಈಗಿನವರಿಗೆ ಈ ಯಾವ ಕಷ್ಟವೂ ಇಲ್ಲ. ಮೊಬೈಲ್‌ನಲ್ಲಿ ಒಂದೂವರೆ ಪಟ್ಟು ವೇಗ ಒತ್ತಿದರೆ ಆಯಿತು, ರೈಲನ್ಸ್‌ನ ಹುಬ್ಬು ಫ್ಯಾನಿನಂತೆ ತಿರುಗುತ್ತದೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಆನ್‌ಳನ್ನು ಹಿಡಿದದ್ದು 1536ರ ಮೇ 2. ವಿಚಾರಣೆ ಮೇ 15. ತಲೆ ಬಿದ್ದದ್ದು ಮೇ 19. ಹದಿನೇಳು ದಿನ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಮೇ 13ಕ್ಕೇ ಎಲ್ಲ ಮುಗಿದುಹೋಗುತ್ತದೆ, ವಿಚಾರಣೆಗೆ ಎರಡು ದಿನ ಇರುವಾಗಲೇ. ಹೆನ್ರಿ ನೋಡುತ್ತಿದ್ದದ್ದೂ ಅದೇ ವೇಗದಲ್ಲಿ ಇರಬೇಕು. ರಾಣಿಯ ಮನೆವಾರ್ತೆಯನ್ನು ಮುಚ್ಚಿ, ಅವಳ ಆಳುಕಾಳುಗಳನ್ನೆಲ್ಲ ಬಿಡಿಸಿ ಕಳಿಸಿದ್ದು ಸರಿಯಾಗಿ ಮೇ 13ರಂದು.