ಎಂಜಿನ್ನಿಗೆ ಕೊಬ್ಬರಿ ಎಣ್ಣಿ

ಧಾರವಾಡದ ಡಿಸೆಂಬರ್ ಚಳಿಗೆ ಮೊದಲು ಗಟ್ಟಿಯಾಗುವುದು ಬಚ್ಚಲ ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆಯ ಬಾಟಲಿ. ಎರಡನೆಯದು, ಅದೇ ಬಾಟಲಿಯ ಎಣ್ಣೆ ಕುಡಿದ ಮಾಡೆಲ್ ರೈಲಿನ ಎಂಜಿನ್ನು.

ದೀಪಾವಳಿಗೆ ಕಸ ತೆಗೆಯಲು ಅಟ್ಟ ಹತ್ತಿದವರ ಕೈಗೆ ಒಂದು ರಟ್ಟಿನ ಡಬ್ಬಿ ಸಿಕ್ಕಿರುತ್ತದೆ. ಒಳಗೆ ಅರವತ್ತರ ದಶಕದ, ಇಂಗ್ಲೆಂಡಿನ ಟ್ರೈ-ಆಂಗ್ ಎಂಜಿನ್ನು. ಕರೆಂಟು ಕೊಟ್ಟರೆ ಕಿರ್ರೆನ್ನುತ್ತದೆ. “ಒಣಗೇತಿ, ನಾಕ್ ಹನಿ ಎಣ್ಣಿ ಬಿಡ್ರಿ” ಎಂಬ ತೀರ್ಪು ಮನೆಯ ಯಾವ ಮೂಲೆಯಿಂದ ಬೇಕಾದರೂ ಬರಬಹುದು. ನಾಕು ಹನಿ ಬೀಳುತ್ತವೆ, ಎಂಜಿನ್ನು ಓಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿಯ ಕೆಳಗೆ. ಅಷ್ಟು ಚಳಿ ಬಿದ್ದ ಮೊದಲ ಮುಂಜಾನೆ ಬೇರಿಂಗಿನೊಳಗೆ ತುಪ್ಪ ಕಟ್ಟುತ್ತದೆ, ಎಂಜಿನ್ನು ಗುಂಯ್ ಎನ್ನುತ್ತ ನಿಂತಲ್ಲೇ ಬಿಸಿಯಾಗುತ್ತದೆ. ಅಂಗಳದ ಬಿಸಿಲಿಗಿಟ್ಟರೆ ಹತ್ತೂವರೆ ಸುಮಾರಿಗೆ ಹೊರಡುತ್ತದೆ. ಕೆಲವರಿಗೆ ಇದರಿಂದಲೇ ಆಟ ಇನ್ನಷ್ಟು ನಿಜವಾದ ರೈಲಿನಂತೆ ಕಾಣುವುದೂ ಉಂಟು.

ಬೇಕಾದದ್ದು ಹೊಲಿಗೆ ಮಷೀನಿನ ಎಣ್ಣೆ, ಅದೂ ಸೂಜಿಯ ತುದಿಯಲ್ಲಿ ನಿಲ್ಲುವಷ್ಟೇ. ಹಿಂದಿನ ಬೇರಿಂಗಿಗೆ ಒಂದು ಸಲ, ಮುಂದಿನದಕ್ಕೆ ಒಂದು ಸಲ. ದಂಡದ ಮೇಲಿನ ಸ್ಕ್ರೂವಿನಂಥ ವರ್ಮ್ ಗಿಯರಿನ ಹಲ್ಲಿಗೆ ಪ್ಲಾಸ್ಟಿಕ್ಕಿಗೆ ಆಗಿಬರುವ ಗ್ರೀಸು, ಸಾಸಿವೆ ಕಾಳಿನಷ್ಟು. ಅಲ್ಲಿಗೆ ಎಣ್ಣೆ ಸ್ನಾನ ಮುಗಿಯಿತು. ಆದರೆ ನಮ್ಮ ಕೈ ಒಗ್ಗರಣೆಗೆ ಪಳಗಿದ್ದು, ಒಂದು ಹನಿಗೆ ನಿಲ್ಲುವುದಿಲ್ಲ. ಹೆಚ್ಚಾದ ಎಣ್ಣೆ ದಂಡದ ಮೇಲೆ ತೆವಳಿಕೊಂಡು ಕಮ್ಯುಟೇಟರಿಗೆ ಬರುತ್ತದೆ. ಅಲ್ಲಿ ಅದಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದ ಪುಡಿ ಕಾದುಕೊಂಡು ಕೂತಿರುತ್ತದೆ. ಎರಡೂ ಸೇರಿದರೆ ಅಪ್ಪಟ ಕಾಡಿಗೆ. ಕಮ್ಯುಟೇಟರೆಂದರೆ ಮೋಟಾರಿನ ತಂತಿ ಸುರುಳಿಗಳಿಗೆ ಕರೆಂಟು ಹಂಚುವ ತಾಮ್ರದ ಮೂರು ತುಂಡು, ನಡುವೆ ಕೂದಲೆಳೆ ದಪ್ಪದ ಮೂರು ಸೀಳು. ಸೀಳಿನಲ್ಲಿ ಕಾಡಿಗೆ ತುಂಬಿದರೆ ಕರೆಂಟು ಸುರುಳಿ ಸುತ್ತುವ ಗೋಜಿಗೇ ಹೋಗದೆ ತುಂಡಿನಿಂದ ತುಂಡಿಗೆ ಅಡ್ಡದಾರಿ ಹಿಡಿಯುತ್ತದೆ. ಎಂಜಿನ್ನು ಬಿಸಿ, ಓಟ ಇಲ್ಲ.

ಇಷ್ಟಕ್ಕೆ ಮೋಟಾರ್ ಬಿಚ್ಚಬೇಕಿಲ್ಲ. ಊಟದ ನಂತರ ಹಲ್ಲಿಗೆ ಹಾಕುವ ಕಟ್ಟಿಗೆಯ ಕಡ್ಡಿಯ ಮೊನೆಯಿಂದ ಮೂರೂ ಸೀಳು ಗೀರಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ತಾಮ್ರ ಹೊಳೆಯುವ ತನಕ ಒರೆಸಿದರೆ ಸಾಕು. ಮೊಬೈಲ್ ರಿಪೇರಿಯವರ ಹತ್ತಿರ ಈ ದ್ರವ ಇದ್ದೇ ಇರುತ್ತದೆ. “ಅದರ ಬದ್ಲಿ ನೇಲ್ ಪಾಲಿಶ್ ತೆಗಿಯೂದು ಐತಲ್ಲ?” ಅನ್ನುವವರಿಗೆ: ಅದರಲ್ಲಿ ಹೆಚ್ಚಾಗಿ ಇರುವುದು ಅಸಿಟೋನು. ಒಂದು ಹನಿ ಮೇಲಿನ ಪ್ಲಾಸ್ಟಿಕ್ ಕವಚಕ್ಕೆ ತಾಗಿದರೆ ಹಸಿರು ಎಂಜಿನ್ನಿನ ಬೆನ್ನು ಕರಗಿ ಹೆಸರುಬೇಳೆ ತೊವ್ವೆ ಆಗುತ್ತದೆ. ಉಸುಕಿನ ಕಾಗದ ಉಜ್ಜಿದರೆ ತಾಮ್ರಕ್ಕೆ ಗೀರು ಬಿದ್ದು, ಆ ಗೀರೇ ಬ್ರಷ್ ತಿನ್ನುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರಂತೂ ಆ ಕೋಣೆಗೇ ಬರಬಾರದು. ಅದರ ಎಳೆಗಳನ್ನು ಮ್ಯಾಗ್ನೆಟ್ಟು ಒಂದೊಂದಾಗಿ ಎಳೆದುಕೊಂಡು ಆರ್ಮೇಚರಿನ, ಅಂದರೆ ಸುರುಳಿ ಹೊತ್ತು ತಿರುಗುವ ಭಾಗದ, ಸಂದಿಯಲ್ಲಿ ಬಚ್ಚಿಡುತ್ತದೆ.

ಹಳಿ ಹಾಸುವ ಜಾಗದ್ದು ಇನ್ನೊಂದು ಫಜೀತಿ. ಬರಿ ನೆಲ ತಣ್ಣಗೆ ಎಂದು ಪಡಸಾಲೆಯ ನವಲಗುಂದ ಜಮಖಾನೆಯ ಮೇಲೆಯೇ ಹಳಿ ಜೋಡಿಸುವುದು ನಮ್ಮ ಕಡೆಯ ರಿವಾಜು. ನೋಡಲು ಚಂದ, ಒಪ್ಪೋಣ. ಆದರೆ ಅದರ ಹತ್ತಿ ಎಳೆ ಗಾಲಿಯ ಅಚ್ಚಿಗೆ ಸುತ್ತುತ್ತ ಹೋಗಿ ಹತ್ತು ಸುತ್ತು ಓಟದಲ್ಲಿ ಒಂದು ದೀಪದ ಬತ್ತಿ ಹೊಸೆದಿರುತ್ತದೆ. ಆ ಬತ್ತಿ ಬೇರಿಂಗಿನ ಎಣ್ಣೆಯನ್ನೂ ಹೀರುತ್ತದೆ, ಇನ್ನು ಕಡ್ಡಿ ಗೀರುವುದೊಂದೇ ಬಾಕಿ. ಹಳಿಯ ಕೆಳಗೆ ಪ್ಲೈವುಡ್ ಹಲಗೆ ಇರಲಿ. ಮಿರ್ಚಿ ತಿಂದ ಕೈ ಹಳಿಗೆ ತಾಗದಿರಲಿ. ಗಿರಮಿಟ್ ಪರವಾಗಿಲ್ಲ, ಚಮಚ ಇರುತ್ತದೆ.

ಇಷ್ಟಾದರೂ ಓಡದಿದ್ದಾಗ ಸ್ಕ್ರೂಡ್ರೈವರ್ ಹೊರಬರುತ್ತದೆ. ಹಳೆಯ ಮೋಟಾರ್ ತಾನಾಗಿ ಸಾಯುವುದು ಅಪರೂಪ, ಬಿಚ್ಚಿದವರ ಕೈಯಲ್ಲಿ ಸತ್ತವೇ ಹೆಚ್ಚು. ಟ್ರೈ-ಆಂಗ್ ಎಕ್ಸ್04 ಅನ್ನೇ ನೋಡಿ. ಎಲ್ಲ ಬಯಲಿಗೇ ಕಾಣುವ ಮೋಟಾರು: ಒಂದು ಮ್ಯಾಗ್ನೆಟ್ಟು, ಮೂರು ಕಂಬದ ಆರ್ಮೇಚರು, ಎರಡು ಬ್ರಷ್ಷು, 12 ವೋಲ್ಟಿನ ಡಿಸಿ. ಎರಡೂ ಬ್ರಷ್ಷನ್ನು ಒತ್ತಿ ಹಿಡಿಯುವುದು ಹೇರ್‌ಪಿನ್ನಿನಂತೆ ಬಾಗಿದ ಒಂದೇ ತಂತಿ ಸ್ಪ್ರಿಂಗು. ಅದರ ಒಂದು ಕಾಲಿಗೆ ಮಾತ್ರ ಪುಟ್ಟ ತೋಳಂಗಿ ತೊಡಿಸಿರುತ್ತದೆ, ಕರೆಂಟು ದಾಟದಿರಲಿ ಎಂದು. ಐವತ್ತು ಅರವತ್ತು ವರ್ಷಕ್ಕೆ ಒಣಗಿದ ಆ ಅಂಗಿ ಮುಟ್ಟಿದರೆ ಪುಡಿ. “ಏನೋ ಕಸ” ಎಂದು ಊದಿ ಸ್ಪ್ರಿಂಗ್ ಮತ್ತೆ ಏರಿಸಿದರೆ ಎರಡೂ ಬ್ರಷ್ ತಂತಿಯ ಮೂಲಕ ಕೈಕೈ ಹಿಡಿದು ಪೂರ್ತಿ ಶಾರ್ಟು. ಸಣ್ಣ ವೈರಿನ ಸಿಪ್ಪೆಯಿಂದ 5 ಮಿಲಿಮೀಟರ್ ಕತ್ತರಿಸಿ ತೊಡಿಸಿದರೆ ಕೆಲಸ ಆದಂತೆ. ಸ್ಪ್ರಿಂಗ್ ಬಿಚ್ಚುವಾಗ ಇಡೀ ಎಂಜಿನ್ನನ್ನು ಅಂಚಿರುವ ಪರಾತದಲ್ಲಿ ಇಟ್ಟುಕೊಳ್ಳಿ. ಹಾರಿದ ಸ್ಪ್ರಿಂಗು ಯಾವಾಗಲೂ ಶೇಂಗಾ ಚಟ್ನಿಯ ಡಬ್ಬಿಯ ದಿಕ್ಕಿಗೇ ಹೋಗುತ್ತದೆ, ಕಾರಣ ಯಾವ ಭೌತಶಾಸ್ತ್ರದಲ್ಲೂ ಇಲ್ಲ. ಬಿಗಿ ಇದ್ದಷ್ಟೂ ಚಲೋ ಎಂದು ಸ್ಪ್ರಿಂಗನ್ನು ಇನ್ನಷ್ಟು ಬಾಗಿಸುವವರಿಗೆ ಸಿಗುವುದು ಓಟವಲ್ಲ, ಬ್ರೇಕು.

ಮ್ಯಾಗ್ನೆಟ್ಟಿನ ವಿಷಯದಲ್ಲಿ ಆಗುವ ತಪ್ಪು ಕಣ್ಣಿಗೇ ಕಾಣುವುದಿಲ್ಲ. ಆ ಕಾಲದ ಮ್ಯಾಗ್ನೆಟ್ಟುಗಳು ಆಲ್ನಿಕೋ, ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕೂಡಿದ ಕಬ್ಬಿಣದ ಮಿಶ್ರಲೋಹ. ಎರಡು ಧ್ರುವಗಳ ನಡುವೆ ಕಬ್ಬಿಣ ಇರುವ ತನಕ ಅದಕ್ಕೆ ಸಂಸಾರ ಇದ್ದ ಹಾಗೆ. ಆರ್ಮೇಚರ್ ಎಳೆದು ಪಕ್ಕಕ್ಕಿಟ್ಟು ಚಾ ಕುಡಿಯಲು ಹೋದರೆ, ಬರುವಷ್ಟರಲ್ಲಿ ಬಲ ಒಂದಷ್ಟು ಇಳಿದಿರುತ್ತದೆ. ತಿರುಗಿ ಆರ್ಮೇಚರ್ ಹಾಕಿದರೂ ಅದು ಮರಳುವುದಿಲ್ಲ. ಹಾಗಾಗಿ ಆರ್ಮೇಚರ್ ಹೊರಬರುತ್ತಿರುವಾಗಲೇ ಅದರ ಬೆನ್ನಿಗೇ ಆ ಜಾಗಕ್ಕೆ ತಕ್ಕ ಕಬ್ಬಿಣದ ತುಂಡು ತೂರಿಸಬೇಕು, ಮ್ಯಾಗ್ನೆಟ್ಟನ್ನೇ ಬಿಚ್ಚಿದರೆ ಅದರ ಎರಡೂ ಧ್ರುವಗಳನ್ನು ಕಬ್ಬಿಣದ ತುಂಡಿನಿಂದ ಕೂಡಿಸಿಡಬೇಕು. ಬಲ ಕುಂದಿದ ಮೋಟಾರಿನ ಗುಣ ವಿಚಿತ್ರ. ಖಾಲಿ ಓಡಿಸಿದರೆ ಮೊದಲಿಗಿಂತ ಜೋರು! “ನೋಡ್ರಿ, ಸರ್ವೀಸ್ ಮಾಡಿದ್ದಕ್ಕ ಹೆಂಗ್ ಓಡಾಕತ್ತೈತಿ” ಎಂಬ ಸಂಭ್ರಮ. ಮೂರು ಡಬ್ಬಿ ಕಟ್ಟಿದರೆ ಏದುಸಿರು. ತಿರುಗುವ ಮೋಟಾರು ತಾನೇ ಹುಟ್ಟಿಸಿ ಕರೆಂಟನ್ನು ತಡೆಯುವ ಎದುರು ವೋಲ್ಟೇಜು ಕಡಿಮೆಯಾಗಿರುವುದರಿಂದ ಕರೆಂಟು ಮಾತ್ರ ಜಾಸ್ತಿ ತಿನ್ನುತ್ತದೆ. ಆರೋಗ್ಯವಂತ ಮೋಟಾರಿಗೆ ಅರ್ಧ ಆಂಪಿಯರಿಗಿಂತ ಕಡಿಮೆ ಸಾಕು. ಮೀಟರಿನಲ್ಲಿ ಒಂದು ಆಂಪಿಯರ್ ಕಂಡರೆ ಆ ಚಾ ನೆನಪಾಗಬೇಕು.

ಸುರುಳಿ ಸುಟ್ಟಿದೆಯೋ ಇಲ್ಲವೋ ನೋಡಲು ಮಲ್ಟಿಮೀಟರಿನ ಎರಡು ಕಡ್ಡಿ ಸಾಕು. ಮೂರು ಸುರುಳಿ ತ್ರಿಕೋನವಾಗಿ ಕೂಡಿರುತ್ತವೆ. ಒಂದೊಂದು ಸುರುಳಿ 12 ಓಮ್ ಎಂದಿಟ್ಟುಕೊಳ್ಳಿ: ಎಲ್ಲ ಸರಿಯಿದ್ದರೆ ಯಾವ ಎರಡು ತಾಮ್ರದ ತುಂಡಿಗೆ ಹಿಡಿದರೂ 8 ಓಮ್ ತೋರಿಸಬೇಕು. ಒಂದು ಸುರುಳಿ ಹರಿದಿದ್ದರೆ 12, 12, 24. ಅಂದರೆ ಹೊಸದಾಗಿ ಸುತ್ತಿಸಬೇಕು.

ಹುಬ್ಬಳ್ಳಿಯಲ್ಲಿ ವೈಂಡಿಂಗ್ ಅಂಗಡಿಗೆ ಬರ ಇಲ್ಲ, ಎಲ್ಲ ಪಂಪ್‌ಸೆಟ್ಟಿನವು. ಹೆಬ್ಬೆರಳಿನಷ್ಟು ಮೋಟಾರನ್ನು ಕರ್ಚೀಪಿನಿಂದ ಬಿಚ್ಚಿ ಕೌಂಟರಿನ ಮೇಲಿಟ್ಟಾಗ ಬರುವ ಮೊದಲ ಪ್ರಶ್ನೆ, “ಎಷ್ಟ್ ಎಚ್.ಪಿ. ರೀ?” ಉತ್ತರ ಸಿದ್ಧವಿರಲಿ. 12 ವೋಲ್ಟು, 0.3 ಆಂಪಿಯರು, ಒಳಗೆ ಹೋಗುವುದು 3.6 ವ್ಯಾಟು, ಒಂದು ಎಚ್.ಪಿ. ಅಂದರೆ 746 ವ್ಯಾಟು. ಹಾಗಾದರೆ 200ರಲ್ಲಿ ಒಂದು ಪಾಲು. ನೀರು ಎಷ್ಟು ಎತ್ತತೈತಿ ಎಂದು ಅವರು ಮುಂದೆ ಕೇಳಿದರೆ ಸಿಟ್ಟಾಗಬಾರದು, ಯಾಕೆಂದರೆ ಕೆಲಸ ಬಲ್ಲವರು ಅವರೇ. ಹಳೆಯ ತಂತಿ ಬಿಚ್ಚುವಾಗ ಸುತ್ತು ಎಣಿಸುವುದು, ಅದೇ ದಪ್ಪದ ತಂತಿ ಹಾಕುವುದು, ಮೂರೂ ಕಂಬಕ್ಕೆ ಒಂದೇ ದಿಕ್ಕಿಗೆ ಸುತ್ತುವುದು ಅವರಿಗೆ ಬೆರಳಿನಲ್ಲೇ ಇದೆ. ಹೇಳಬೇಕಾದದ್ದು ಒಂದೇ ಮಾತು: ಬೆಸುಗೆ ಹಾಕುವ ಬಿಸಿ ಕಡ್ಡಿ ಕಮ್ಯುಟೇಟರಿನ ಮೇಲೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ನಿಂತರೆ ತಾಮ್ರದ ತುಂಡು ಬುಡ ಸಮೇತ ಅಲ್ಲಾಡುತ್ತದೆ.

ಮೊದಲ ಪರೀಕ್ಷೆಗೆ ಬೈಕಿನ ಬ್ಯಾಟರಿಯನ್ನು ನೇರವಾಗಿ ಹಚ್ಚುವ ಹುಮ್ಮಸ್ಸು ಬೇಡ. ಶಾರ್ಟಿದ್ದರೆ ಬ್ಯಾಟರಿ ಕರುಣೆ ತೋರಿಸುವುದಿಲ್ಲ, ಹೊಸ ಸುರುಳಿ ಅಗರಬತ್ತಿ ಆಗುತ್ತದೆ. ನಡುವೆ 12 ವೋಲ್ಟ್ 5 ವ್ಯಾಟಿನ ಬಲ್ಬು ಕೂಡಿಸಿ. ಬಲ್ಬು ಮಂಕಾಗಿದ್ದು ಮೋಟಾರ್ ತಿರುಗಿದರೆ ಕ್ಷೇಮ, ಬಲ್ಬು ಜಗಜಗ ಹೊತ್ತಿ ಮೋಟಾರ್ ಸುಮ್ಮನಿದ್ದರೆ ಎಲ್ಲೋ ಶಾರ್ಟು. ಮತ್ತೆ ಆ ಸ್ಪ್ರಿಂಗಿನ ತೋಳಂಗಿ ನೋಡಿ. ಡಬ್ಬಿಯಲ್ಲಿದ್ದದ್ದು ಜರ್ಮನಿಯ ಮಾರ್ಕ್ಲಿನ್ ಆದರೆ ಈ ಲೆಕ್ಕವೇ ಬೇರೆ. ಹಳೆಯ ಮಾರ್ಕ್ಲಿನ್ 16 ವೋಲ್ಟಿನ ಎಸಿ, ದಿಕ್ಕು ತಿರುಗಿಸಲು 24 ವೋಲ್ಟಿನ ಒಂದು ಹೊಡೆತ. ಅದರ ಟ್ರಾನ್ಸ್‌ಫಾರ್ಮರಿಗೆ ಟ್ರೈ-ಆಂಗ್ ಹಚ್ಚಿದರೆ ನಿಂತಲ್ಲೇ ನಡುಗಿ ಸುಡುತ್ತದೆ, ಟ್ರೈ-ಆಂಗ್ ಹಳಿಯ ಮೇಲೆ ಮಾರ್ಕ್ಲಿನ್ ಇಟ್ಟರೆ ಅದರ ಲೋಹದ ಗಾಲಿಗಳೇ ಎರಡು ಹಳಿಯನ್ನು ಶಾರ್ಟ್ ಮಾಡುತ್ತವೆ.

ಮೋಟಾರ್ ಸರಿಯಾದ ಮೇಲೆ ಊರಿನ ಅಭಿಮಾನ ಜಾಗೃತವಾಗುತ್ತದೆ: ಹುಬ್ಬಳ್ಳಿ ಸ್ಟೇಶನ್ನನ್ನೇ ಮಾಡೋಣ! ನಿಜವಾದ ಪ್ಲಾಟ್‌ಫಾರ್ಮ್ 1,507 ಮೀಟರ್. ಟ್ರೈ-ಆಂಗ್ ಅಳತೆಯಲ್ಲಿ, ಅಂದರೆ 76ರಲ್ಲಿ ಒಂದು ಪಾಲಿಗೆ ಇಳಿಸಿದರೂ ಹತ್ತಿರ ಹತ್ತಿರ 20 ಮೀಟರ್. ಹಳಿ ಜೋಡುವ ಪ್ರತಿ ಕೊಂಡಿಯಲ್ಲೂ ವೋಲ್ಟೇಜು ಸೋರುವುದರಿಂದ ಎರಡು ಮೀಟರಿಗೊಮ್ಮೆ ಹೊಸ ವೈರು ಇಳಿಸಬೇಕು, ಇಲ್ಲವಾದರೆ ಮುದಿ ಮೋಟಾರು ಅರ್ಧ ದಾರಿಗೆ ಕೂರುತ್ತದೆ. ಪಡಸಾಲೆಯಿಂದ ಹೊರಟರೆ ದೇವರಮನೆ ಬಾಗಿಲು, ಅಡುಗೆಮನೆಯ ಹೊಸ್ತಿಲು, ಹಿತ್ತಲ ಬಾಗಿಲು ದಾಟಿ, ಪ್ಲಾಟ್‌ಫಾರ್ಮ್ ಮುಗಿಯುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.